ಐದು ಡ್ರೈಯರ್, ಒಂದೇ ಪೈಪ್: ಮಣಿಪಾಲದ ಲಾಂಡ್ರಿಗಳ ಹಿಂಗೋಡೆ ನೋಡುವವರು ಯಾರು?

ಮಣಿಪಾಲ: ಜೂನ್‌ನಲ್ಲಿ ಮಳೆ ಹಿಡಿಯಿತು ಅಂದ್ರೆ ಕರಾವಳಿಯಲ್ಲಿ ಬಟ್ಟೆ ಒಣಗಿಸುವುದೇ ಒಂದು ದೊಡ್ಡ ಕೆಲಸ. ಹಳೇ ಮನೆಗಳಲ್ಲಿ ಬಚ್ಚಲು ಒಲೆಯ ಮೇಲೆ ಬಿದಿರಿನ ಗಳು ಕಟ್ಟಿ ಒದ್ದೆ ಬಟ್ಟೆ ಹರವುತ್ತಿದ್ದರು. ಹೊಗೆ ವಾಸನೆ ಹೊಡೆದರೂ ಬಟ್ಟೆ ಒಣಗುತ್ತಿತ್ತು. ಈಶ್ವರನಗರದ ಪಿಜಿಯಲ್ಲಿರುವ ಹುಡುಗನಿಗೆ, ವಿದ್ಯಾರತ್ನ ನಗರದ ಫ್ಲಾಟ್‌ನಲ್ಲಿ ನಾಲ್ವರು ಸೇರಿ ಇರುವ ಹುಡುಗಿಯರಿಗೆ ಬಚ್ಚಲು ಒಲೆ ಎಲ್ಲಿಂದ ಬರಬೇಕು? ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಜೀನ್ಸ್ ಪ್ಯಾಂಟ್ ಒಂದು ಫ್ಯಾನ್ ಕೆಳಗೆ ಮೂರು ದಿನ ನೇತಾಡಿದರೂ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ.

ಹಾಗಾಗಿ ಲಾಂಡ್ರಿ ಅಂಗಡಿಗಳು ಬಂದವು. ಕೆಜಿ ಲೆಕ್ಕದಲ್ಲಿ ಬಟ್ಟೆ ಕೊಟ್ಟರೆ ಮರುದಿನ ಮಡಚಿ ಕೊಡುತ್ತಾರೆ. ಗಾಜಿನ ಬಾಗಿಲು, ಎದುರಿಗೆ ಸಾಲಾಗಿ ವಾಷಿಂಗ್ ಮೆಷಿನ್, ಪಕ್ಕದಲ್ಲಿ ದೊಡ್ಡ ದೊಡ್ಡ ಡ್ರೈಯರ್. ಗಿರಾಕಿಗೆ ಕಾಣುವುದು ಇಷ್ಟೇ. ಕಾಣದಿರುವುದು ಮೆಷಿನ್‌ನ ಹಿಂದೆ ಇದೆ. ಎರಡು ಮೆಷಿನ್‌ನಿಂದ ಶುರುವಾದ ಅಂಗಡಿ ಮಳೆಗಾಲದ ರಶ್ ನೋಡಿ ಮೂರನೆಯದು, ನಾಲ್ಕನೆಯದು ತರಿಸುತ್ತದೆ. ಪ್ರತಿ ಹೊಸ ಡ್ರೈಯರ್‌ನ ಹಿಂಬದಿಯ ಬಿಸಿ ಗಾಳಿಯ ಪೈಪನ್ನು ಹಳೇ ಪೈಪಿಗೇ ತೂತು ಕೊರೆದು ಜೋಡಿಸುವುದು ಸುಲಭದ ದಾರಿ. ಗೋಡೆಯಲ್ಲಿ ಇರುವುದು ಒಂದೇ ತೂತು, ಎಲ್ಲ ಮೆಷಿನ್‌ನ ಗಾಳಿ ಅದರಲ್ಲೇ ಹೋಗಬೇಕು.

ಒಂದೇ ಡಕ್ಟ್‌ಗೆ ಹಲವು ಡ್ರೈಯರ್ ಜೋಡಿಸುವುದು ತಪ್ಪಾ? ತಪ್ಪಲ್ಲ. ಜಗತ್ತಿನ ಎಷ್ಟೋ ಕಡೆ ಹಾಗೆಯೇ ಮಾಡುತ್ತಾರೆ. ಆದರೆ ಲೆಕ್ಕ ಹಾಕದೆ ಮಾಡಿದರೆ ಅದು ಬಟ್ಟೆ ಒಣಗಿಸುವ ವ್ಯವಸ್ಥೆ ಆಗಿ ಉಳಿಯುವುದಿಲ್ಲ. ಕಟ್ಟಡದ ಹೊಟ್ಟೆಯೊಳಗೆ ನಾರು ತುಂಬಿದ ಒಂದು ಉದ್ದನೆಯ ಒಲೆ ಆಗುತ್ತದೆ. ಮೇಲಿನ ಮಹಡಿಯಲ್ಲಿ ಪಿಜಿ, ಪಕ್ಕದಲ್ಲಿ ಹೋಟೆಲ್, ಕೆಲವು ಕಡೆ ಕೆಲಸದ ಹುಡುಗರು ರಾತ್ರಿ ಅಂಗಡಿಯ ಒಳಗೇ ಮಲಗುವುದೂ ಉಂಟು. ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಇವರಿಗೆ.

ಡ್ರೈಯರ್ ಅಂದ್ರೆ ಏನು, ಗಾಳಿ ಎಷ್ಟು

ಡ್ರೈಯರ್ ಬಟ್ಟೆಯನ್ನು ಬಿಸಿ ಮಾಡಿ ಒಣಗಿಸುತ್ತದೆ ಅಂತ ಹೆಚ್ಚಿನವರು ತಿಳಿದುಕೊಂಡಿದ್ದಾರೆ. ಅದು ಅರ್ಧ ಸತ್ಯ. ಒಣಗಿಸುವುದು ಗಾಳಿ. ಅಂಗಡಿಯೊಳಗಿನ ಗಾಳಿಯನ್ನು ಎಳೆದುಕೊಂಡು, ಗ್ಯಾಸ್ ಅಥವಾ ಕರೆಂಟಿನಿಂದ ಬಿಸಿ ಮಾಡಿ, ತಿರುಗುವ ಡ್ರಮ್ಮಿನೊಳಗೆ ಹಾಯಿಸಿ, ಬಟ್ಟೆಯ ನೀರನ್ನು ಹೊತ್ತ ಗಾಳಿಯನ್ನು ಹಿಂದಿನಿಂದ ಹೊರಗೆ ನೂಕುತ್ತದೆ. 15 ಕೆಜಿ ಹತ್ತಿ ಬಟ್ಟೆ ಸ್ಪಿನ್ ಆಗಿ ಬಂದ ಮೇಲೂ ಅದರಲ್ಲಿ ಏಳೆಂಟು ಲೀಟರ್ ನೀರು ಉಳಿದಿರುತ್ತದೆ. ಆ ನೀರಷ್ಟೂ ಆವಿಯಾಗಿ ಪೈಪಿನಲ್ಲೇ ಹೋಗಬೇಕು. ಅಂಥ ಒಂದು ಮೆಷಿನ್ ಗಂಟೆಗೆ ಸುಮಾರು ಸಾವಿರ ಘನ ಮೀಟರ್ ಗಾಳಿ ಹೊರಗೆ ಹಾಕುತ್ತದೆ. ಸಾಧಾರಣ ಒಂದು ಅಂಗಡಿ ಕೋಣೆಯ ಗಾಳಿ ಪೂರ್ತಿ ಖಾಲಿಯಾಗಲು ಐದಾರು ನಿಮಿಷ ಸಾಕು. ಐದು ಮೆಷಿನ್ ಒಟ್ಟಿಗೆ ಓಡಿದರೆ ಒಂದು ನಿಮಿಷ ಸ್ವಲ್ಪ ಹೆಚ್ಚು.

ಗಾಳಿಯ ಜತೆ ಹೋಗುವುದು ನೀರಾವಿ ಮಾತ್ರ ಅಲ್ಲ. ಬಟ್ಟೆಯಿಂದ ಉದುರಿದ ನಾರು, ಲಾಂಡ್ರಿಯವರ ಬಾಯಲ್ಲಿ ಲಿಂಟ್, ಅದೂ ಹೋಗುತ್ತದೆ. ಮೆಷಿನ್‌ನಲ್ಲಿ ಜಾಲರಿ ಇದೆ ನಿಜ. ದಪ್ಪ ನಾರು ಅಲ್ಲಿ ನಿಲ್ಲುತ್ತದೆ, ಸಣ್ಣದು ದಾಟಿ ಹೋಗುತ್ತದೆ. ಟವೆಲ್, ಬೆಡ್‌ಶೀಟ್ ಹೆಚ್ಚು ಹಾಕುವ ಕಡೆ ಇನ್ನೂ ಜಾಸ್ತಿ. ಜಾಲರಿಯಿಂದ ತೆಗೆದ ಲಿಂಟ್‌ಗೆ ಒಂದು ಬೆಂಕಿಕಡ್ಡಿ ತಾಗಿಸಿ ನೋಡಿದವರಿಗೆ ಅದು ಹೇಗೆ ಉರಿಯುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗೀಜಗನ ಗೂಡಿಗೆ ಕಿಡಿ ಬಿದ್ದ ಹಾಗೆ.

ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರ ತನಕದ ಲೆಕ್ಕ ತೆಗೆದಿತ್ತು. ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಅಂದಾಜು 2,900 ಡ್ರೈಯರ್ ಬೆಂಕಿ, 5 ಸಾವು, 100 ಜನರಿಗೆ ಗಾಯ. ಕಾರಣಗಳಲ್ಲಿ ಮೊದಲನೆಯದು ಮೆಷಿನ್‌ನ ದೋಷ ಅಲ್ಲ, ಸ್ವಚ್ಛ ಮಾಡದೇ ಬಿಟ್ಟದ್ದು. ಶೇ. 34 ಬೆಂಕಿಗಳಿಗೆ ಅದೇ ಕಾರಣ. ಇದು ಮನೆಯ ಸಣ್ಣ ಮೆಷಿನ್‌ಗಳ ಕತೆ, ಅದೂ ವಾರಕ್ಕೆ ನಾಲ್ಕೈದು ಸಲ ಓಡುವವು. ಮಳೆಗಾಲದಲ್ಲಿ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರ ತನಕ ಬಿಡುವಿಲ್ಲದೆ ಓಡುವ ಅಂಗಡಿ ಮೆಷಿನ್‌ನ ಪೈಪಿನಲ್ಲಿ ಎಷ್ಟು ಲಿಂಟ್ ಹೋಗುತ್ತದೆ ಅಂತ ಅಂದಾಜು ಮಾಡಬಹುದು.

ಐದು ಬಾಯಿಗೆ ಒಂದೂವರೆ ಬಾಯಿ

ಇಲ್ಲಿ ಸ್ವಲ್ಪ ಹೈಸ್ಕೂಲ್ ಗಣಿತ ಬೇಕು. ಒಂದು ಡ್ರೈಯರ್‌ನ ಹಿಂಬಾಯಿ 200 ಮಿ.ಮೀ., ಅಂದ್ರೆ ಎಂಟು ಇಂಚು ಅಂತ ಇಟ್ಟುಕೊಳ್ಳೋಣ. ಅಂಥ ಐದು ಮೆಷಿನ್ ಸೇರುವ ಮುಖ್ಯ ಪೈಪ್ ಎಷ್ಟು ದಪ್ಪ ಇರಬೇಕು? ವೆಲ್ಡಿಂಗ್ ಶಾಪಿನಲ್ಲಿ ಕೇಳಿದರೆ ಹತ್ತಿಂಚಿನದ್ದು ಹಾಕಿ, ಧಾರಾಳ ಆಯ್ತು ಅನ್ನುವ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ನೋಡಲು ಹತ್ತಿಂಚು ದೊಡ್ಡದೇ. ಆದರೆ ಗಾಳಿ ಹೋಗುವುದು ವ್ಯಾಸದಲ್ಲಿ ಅಲ್ಲ, ಬಾಯಿಯ ವಿಸ್ತೀರ್ಣದಲ್ಲಿ. ಹತ್ತಿಂಚಿನ ಬಾಯಿ ಎಂಟಿಂಚಿನ ಬಾಯಿಗಿಂತ ಒಂದೂವರೆ ಪಟ್ಟಿಗಿಂತ ಚೂರು ಹೆಚ್ಚು, ಅಷ್ಟೇ. ಐದು ಬಾಯಿಯ ಗಾಳಿಯನ್ನು ಒಂದೂವರೆ ಬಾಯಿಯಲ್ಲಿ ತೂರಿಸಬೇಕು ಅಂದ ಹಾಗಾಯಿತು. ಪರ್ಯಾಯದ ದಿನ ರಥಬೀದಿಯ ಅಷ್ಟೂ ಜನರನ್ನು ಒಂದು ಓಣಿಯಲ್ಲಿ ಹೊರಗೆ ಕಳಿಸಿದಂತೆ.

ಸರಿಯಾದ ಲೆಕ್ಕ ಹೀಗಿದೆ. ಎರಡು ಮೆಷಿನ್ ಸೇರಿದ ಮೇಲೆ ಪೈಪ್ ಸುಮಾರು 285 ಮಿ.ಮೀ. ಆಗಬೇಕು, ಮೂರು ಸೇರಿದ ಮೇಲೆ 350, ನಾಲ್ಕಾದ ಮೇಲೆ 400, ಐದಾದ ಮೇಲೆ ಸುಮಾರು 450. ಅಂದ್ರೆ ಹದಿನೆಂಟು ಇಂಚು. ಪೈಪ್ ದೂರದ ಮೆಷಿನ್‌ನಿಂದ ಸಣ್ಣದಾಗಿ ಶುರುವಾಗಿ ಒಂದೊಂದು ಮೆಷಿನ್ ಸೇರಿದ ಹಾಗೆ ದಪ್ಪ ಆಗುತ್ತಾ ಹೊರಗಿನ ಗೋಡೆ ತಲುಪಬೇಕು. ನೇತ್ರಾವತಿಗೆ ಹೊಳೆಗಳು ಕೂಡಿದ ಹಾಗೆ ಕೆಳಗೆ ಬಂದಷ್ಟೂ ಅಗಲ.

ಕಿರಿದಾದರೆ ಏನಾಗುತ್ತದೆ? ಗಾಳಿ ಮೂರು ಪಟ್ಟು ವೇಗದಲ್ಲಿ ಹೋಗಬೇಕಾದರೆ ಪೈಪ್ ಕೊಡುವ ತಡೆ ಸುಮಾರು ಒಂಬತ್ತು ಪಟ್ಟು. ಮೆಷಿನ್‌ನ ಬ್ಲೋವರ್‌ಗೆ ಅಷ್ಟು ತಾಕತ್ತು ಇಲ್ಲ. ಹೆಚ್ಚಿನ ಕಂಪನಿಗಳ ಡ್ರೈಯರ್ ಸಹಿಸುವ ಹಿಮ್ಮುಖ ಒತ್ತಡ ಅರ್ಧ ಇಂಚು ನೀರಿನ ಆಸುಪಾಸು. ಅಂದ್ರೆ ಒಂದು ಪಾರದರ್ಶಕ ಪೈಪಿನ ನೀರನ್ನು ಅರ್ಧ ಇಂಚು ಮೇಲೆತ್ತುವಷ್ಟು ಒತ್ತಡ, ಬಾಯಿಂದ ಮೆಲ್ಲಗೆ ಊದಿದರೂ ಅದಕ್ಕಿಂತ ಹೆಚ್ಚಾಗುತ್ತದೆ. ಒತ್ತಡ ಮಿತಿ ದಾಟಿದರೆ ಡ್ರಮ್ಮಿನಲ್ಲಿ ಗಾಳಿ ಓಡುವುದು ಕಡಿಮೆ, ಶಾಖ ಅಲ್ಲೇ ನಿಲ್ಲುತ್ತದೆ, ಬಟ್ಟೆ ಸುಡು ಬಿಸಿ ಆಗುತ್ತದೆ, ಆದರೆ ಒಣಗುವುದಿಲ್ಲ. ಮೂವತ್ತೈದು ನಿಮಿಷದ ಲೋಡ್ ಐವತ್ತಾಗುತ್ತದೆ, ಆಮೇಲೆ ಒಂದು ಗಂಟೆ. ಅಂಗಡಿಯವರು ಮೆಷಿನ್ ಹಳೇದಾಯ್ತು ಅಂತ ಮೆಕ್ಯಾನಿಕ್‌ನನ್ನು ಕರೆಸುತ್ತಾರೆ. ಥರ್ಮೋಸ್ಟಾಟ್ ಬದಲಾಗುತ್ತದೆ, ಬೆಲ್ಟ್ ಬದಲಾಗುತ್ತದೆ. ಪೈಪ್ ಬದಲಾಗುವುದಿಲ್ಲ. ಗ್ಯಾಸ್ ಸಿಲಿಂಡರ್ ಮಾತ್ರ ಬೇಗ ಬೇಗ ಖಾಲಿ.

ಹಾಗಾದ್ರೆ ಎಲ್ಲರೂ ಹದಿನೆಂಟು ಇಂಚಿನ ಪೈಪ್ ಹಾಕಿದರೆ ಮುಗೀತಾ? ಇಲ್ಲ, ಇದರ ಇನ್ನೊಂದು ತುದಿ ಇದೆ, ಅದನ್ನು ಹೇಳುವವರು ಕಡಿಮೆ. ಐದು ಮೆಷಿನ್‌ಗೆ ಮಾಡಿದ ದೊಡ್ಡ ಪೈಪಿನಲ್ಲಿ ಒಂದೇ ಮೆಷಿನ್ ಓಡಿದಾಗ ಗಾಳಿಯ ವೇಗ ಐದನೇ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ ಎಂಟೊಂಬತ್ತು ಮೀಟರ್ ಇದ್ದದ್ದು ಎರಡಕ್ಕಿಂತ ಕೆಳಗೆ. ಲಿಂಟ್ ಗಾಳಿಯಲ್ಲಿ ತೇಲಿ ಹೊರಗೆ ಹೋಗಬೇಕಾದರೆ ಆರು ಮೀಟರ್ ಆದರೂ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ವೇಗ ಇಲ್ಲದಿದ್ದರೆ ನಾರು ಪೈಪಿನ ತಳದಲ್ಲಿ ಕೂರುತ್ತದೆ. ಹೊರಗೆ ಮಳೆ, ತಗಡು ತಣ್ಣಗೆ. ಒಳಗಿನ ಆವಿ ತಗಡಿಗೆ ತಾಗಿ ಬೆವರುತ್ತದೆ. ಆ ನೀರಿಗೆ ಲಿಂಟ್ ಅಂಟಿ ಗಂಜಿ ಹಾಕಿದ ಬಟ್ಟೆಯ ಹಾಗೆ ಗಟ್ಟಿ ಪದರ ಆಗುತ್ತದೆ. ಜನವರಿಯಲ್ಲಿ ಬಿಸಿಲು ಬಂದು ಗಿರಾಕಿ ಕಡಿಮೆ ಆದಾಗ ಒಂದೇ ಮೆಷಿನ್ ಓಡಿಸುತ್ತಾ ಲಿಂಟ್ ಶೇಖರಿಸಿ, ಜೂನ್‌ನಲ್ಲಿ ಐದೂ ಮೆಷಿನ್ ಓಡಿಸಿ ಆ ಶೇಖರಣೆಯನ್ನು ಬಿಸಿ ಮಾಡುವುದು. ವರ್ಷದ ಚಕ್ರವೇ ಹೀಗೆ ನಡೆಯುತ್ತದೆ.

ಇದಕ್ಕೆ ಪ್ರಾಯೋಗಿಕ ಉತ್ತರ ಎಂದರೆ ಐದನ್ನೂ ಒಂದಕ್ಕೆ ಕಟ್ಟದೇ ಇರುವುದು. ಎರಡಕ್ಕೊಂದು, ಮೂರಕ್ಕೊಂದು ಪೈಪ್ ಮಾಡಿ, ಗಿರಾಕಿ ಕಡಿಮೆ ಇರುವಾಗ ಎರಡರ ಗುಂಪು ಮಾತ್ರ ಓಡಿಸಿ, ಅದನ್ನೂ ಒಟ್ಟೊಟ್ಟಿಗೆ ಓಡಿಸಿದರೆ ವೇಗ ಉಳಿಯುತ್ತದೆ. ಹಿಂಗೋಡೆಯೇ ಹೊರಗೋಡೆ ಆಗಿರುವ ಅಂಗಡಿಯಲ್ಲಂತೂ ಇಷ್ಟೆಲ್ಲ ತಲೆಬಿಸಿ ಯಾಕೆ ಅಂತ ಕೇಳಬೇಕಾಗುತ್ತದೆ. ಐದು ಮೆಷಿನ್‌ಗೆ ಐದು ತೂತು, ಐದು ಸಣ್ಣ ಪೈಪ್. ಮೆಷಿನ್ ಕಂಪನಿಗಳ ಮ್ಯಾನುಯಲ್‌ಗಳೂ ಮೊದಲ ಆಯ್ಕೆಯಾಗಿ ಹೇಳುವುದು ಪ್ರತ್ಯೇಕ ಪೈಪನ್ನೇ. ಒಂದೇ ಡಕ್ಟ್ ಎನ್ನುವುದು ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ.

ಟೀ ಜಾಯಿಂಟ್‌ನ ತಕರಾರು

ಬೇರೆ ದಾರಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಆಗ ಜೋಡಿಸುವ ರೀತಿಯಲ್ಲಿ ಕೆಲವು ಸಂಗತಿ ಬಿಡುವ ಹಾಗಿಲ್ಲ. ಮೊದಲನೆಯದು ಕೋನ. ಮೆಷಿನ್‌ನ ಪೈಪ್ ಮುಖ್ಯ ಪೈಪಿಗೆ ನೇರ ಟೀ ಆಗಿ ಬಡಿಯಬಾರದು. ಸರ್ವಿಸ್ ರಸ್ತೆ ಹೆದ್ದಾರಿಗೆ ಸೇರುವಂತೆ ಓರೆಯಾಗಿ, 45 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಕೋನದಲ್ಲಿ, ಗಾಳಿ ಹೋಗುವ ದಿಕ್ಕಿಗೇ ಸೇರಬೇಕು. ಎದುರು ಬದುರು ಎರಡು ಮೆಷಿನ್ ಒಂದೇ ಜಾಗದಲ್ಲಿ ಸೇರಿಸಿದರೆ ಒಂದರ ಗಾಳಿ ಇನ್ನೊಂದರ ಮುಖಕ್ಕೆ ಹೊಡೆಯುತ್ತದೆ. ಜಂಕ್ಷನ್‌ನಲ್ಲಿ ಎರಡು ಬಸ್ ಮುಖಾಮುಖಿ ನಿಂತ ಹಾಗೆ ಇಬ್ಬರೂ ಮುಂದೆ ಹೋಗುವುದಿಲ್ಲ.

ಎರಡನೆಯದು ಪೈಪಿನ ಸಾಮಾನು. ಮಡಚುವ ಅಲ್ಯೂಮಿನಿಯಂ ಫಾಯಿಲ್ ಪೈಪ್, ಪ್ಲಾಸ್ಟಿಕ್ ಪೈಪ್, ಪಿವಿಸಿ ಇವು ಯಾವುದೂ ಆಗದು. ಗಟ್ಟಿ ತಗಡಿನ ಪೈಪ್, ಒಳಗೆ ನುಣುಪು. ಜಾಯಿಂಟ್‌ಗೆ ಸ್ಕ್ರೂ ಹೊಡೆದರೆ ಅದರ ಮೊನೆ ಒಳಗೆ ಬರುತ್ತದೆ, ಆ ಮೊನೆಗೆ ನಾರು ಸಿಕ್ಕಿ ಗೂಡು ಕಟ್ಟುತ್ತದೆ. ನಮ್ಮ ಉಪ್ಪುಗಾಳಿಗೆ ಜಿಐ ತಗಡು ಬೇಗ ತುಕ್ಕು ಹಿಡಿಯುವುದು ಬೇರೆ. ತುಕ್ಕಿನ ಒರಟು ಮೈಗೂ ಲಿಂಟ್ ಹಿಡಿದುಕೊಳ್ಳುತ್ತದೆ. ಮಲಗಿಸಿದ ಪೈಪ್ ಹೊರಬಾಯಿಯ ಕಡೆಗೆ ಸ್ವಲ್ಪ ಇಳಿಜಾರು ಇದ್ದರೆ ಬೆವರಿದ ನೀರು ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಮೆಷಿನ್‌ನೊಳಗೇ ವಾಪಸ್ ಬರುತ್ತದೆ.

ಹೊರಗಿನ ಬಾಯಿಯ ವಿಷಯದಲ್ಲಿ ಕರಾವಳಿಯವರ ಬುದ್ಧಿವಂತಿಕೆಯೇ ಮುಳುವಾಗುತ್ತದೆ. ಮಳೆ ನೀರು ಒಳಗೆ ಬರುತ್ತದೆ ಅಂತ ಟಾರ್ಪಾಲ್ ಕಟ್ಟುವುದು, ಹಕ್ಕಿ ಗೂಡು ಕಟ್ಟುತ್ತದೆ ಅಂತ ಸೊಳ್ಳೆ ಬಲೆ ಹೊಡೆಯುವುದು. ಸೊಳ್ಳೆ ಬಲೆಗೆ ಲಿಂಟ್ ಮೆತ್ತಲು ವಾರ ಬೇಡ. ಬಾಯಿಯನ್ನು ಕೆಳಮುಖ ಬಗ್ಗಿಸಿದರೆ ಮಳೆ ಬರುವುದಿಲ್ಲ, ಬಲೆಯ ಅಗತ್ಯವೂ ಇರುವುದಿಲ್ಲ. ಅಂಗಡಿ ಮುಚ್ಚಿದಾಗ ತಾನೇ ಮುಚ್ಚುವ ಹಗುರದ ಫ್ಲಾಪ್ ಸಾಕು. ಮೇಲಿನವರ ಕಿಟಕಿಯ ಕೆಳಗೆ ಬಾಯಿ ತೆರೆದಿಡಬಾರದು ಅಂತ ಹೇಳಬೇಕೇ? ಹೇಳಬೇಕು ಅನ್ನಿಸುತ್ತದೆ.

ಇನ್ನು ಕೆಲವು ಕಟ್ಟಡಗಳಲ್ಲಿ ಹೋಟೆಲ್‌ನ ಅಡುಗೆ ಚಿಮಣಿಗೆ ಅಂತ ಮಾಡಿದ ಶಾಫ್ಟ್ ಇರುತ್ತದೆ. ಹೇಗೂ ಮೇಲಕ್ಕೆ ಹೋಗುತ್ತದಲ್ಲ ಅಂತ ಡ್ರೈಯರ್ ಪೈಪನ್ನು ಅದಕ್ಕೆ ಸೇರಿಸುವ ಯೋಚನೆ ಯಾರಿಗೇ ಬಂದರೂ ಅಲ್ಲೇ ನಿಲ್ಲಿಸಬೇಕು. ಎಣ್ಣೆ ಜಿಡ್ಡಿನ ಮೇಲೆ ಹತ್ತಿ ನಾರು ಕೂರಿಸಿದರೆ ಅದು ಬತ್ತಿ. ದೇವರ ಮುಂದೆ ಹಚ್ಚುವುದೂ ಅದನ್ನೇ.

ಅಮೆರಿಕದ ಮೆಕ್ಯಾನಿಕಲ್ ಕೋಡ್‌ನಲ್ಲಿ ಕಮರ್ಷಿಯಲ್ ಡ್ರೈಯರ್‌ಗೆ ಅಂತಲೇ ಕಲಂ ಇದೆ. ಮೊದಲ ಮಾತು ಮೆಷಿನ್ ಕಂಪನಿಯ ಸೂಚನೆ ಪಾಲಿಸಿ ಅನ್ನುವುದು. ಡಕ್ಟ್‌ನಲ್ಲಿ ಫ್ಯಾನ್ ಹಾಕಿದರೆ ಅದರ ಮೋಟಾರ್ ಗಾಳಿಯ ದಾರಿಯಿಂದ ಹೊರಗಿರಬೇಕು. ಹಲವು ಮೆಷಿನ್ ಇದ್ದರೆ ಫ್ಯಾನ್ ಸದಾ ಓಡುತ್ತಿರಬೇಕು, ಇಲ್ಲವೇ ಯಾವುದೇ ಒಂದು ಮೆಷಿನ್ ಶುರುವಾದರೂ ತಾನೇ ಓಡುವಂತೆ ಇಂಟರ್‌ಲಾಕ್ ಇರಬೇಕು. ಡಕ್ಟ್‌ಗೂ ಉರಿಯುವ ವಸ್ತುವಿಗೂ ಕನಿಷ್ಠ 6 ಇಂಚು, ಅಂದ್ರೆ 152 ಮಿ.ಮೀ. ಅಂತರ. ಆ ಕೋಡ್ ಇಲ್ಲಿಯ ಕಾನೂನಲ್ಲ. ಆದರೆ ಪ್ಲೈವುಡ್ ಪಾರ್ಟಿಷನ್ನು, ಪಿವಿಸಿ ಫಾಲ್ಸ್ ಸೀಲಿಂಗ್ ಮೇಲೆ ಮಲಗಿದ ಬಿಸಿ ತಗಡಿಗೆ ಅಮೆರಿಕ ಯಾವುದು, ಮಣಿಪಾಲ ಯಾವುದು ಅಂತ ಗೊತ್ತಿಲ್ಲ.

ಮೋಟಾರ್ ಹೊರಗಿರಬೇಕು ಅನ್ನುವುದಕ್ಕೆ ಒತ್ತು ಕೊಡಬೇಕು. ಗೋಡೆಗೆ ಹಾಕುವ ಸಾದಾ ಎಕ್ಸಾಸ್ಟ್ ಫ್ಯಾನ್‌ನ ಮೋಟಾರ್ ಇರುವುದು ಗಾಳಿಯ ನಡುವೆಯೇ. ಲಿಂಟ್ ಅದಕ್ಕೆ ಸುತ್ತಿಕೊಳ್ಳುತ್ತದೆ, ಮೋಟಾರ್ ಬಿಸಿಯಾಗುತ್ತದೆ, ಬುಷ್ ಹೋದರೆ ಕಿಡಿ. ಲಿಂಟ್‌ಗೆ ಬೆಂಕಿ ಬೇಕಿತ್ತು, ಫ್ಯಾನ್ ಅದನ್ನೂ ತಂದುಕೊಟ್ಟಿತು. ಇಂಟರ್‌ಲಾಕ್ ಅಂದ್ರೆ ರಾಕೆಟ್ ವಿದ್ಯೆ ಏನಲ್ಲ. ಒಂದು ಪ್ರೆಷರ್ ಸ್ವಿಚ್, ಒಂದು ಕಾಂಟ್ಯಾಕ್ಟರ್. ಗಾಳಿ ಓಡದಿದ್ದರೆ ಡ್ರೈಯರ್‌ನ ಬರ್ನರ್ ಹೊತ್ತಿಕೊಳ್ಳಬಾರದು, ಇಷ್ಟೇ ಅದರ ಕೆಲಸ. ಪಂಪ್‌ಸೆಟ್ ಸ್ಟಾರ್ಟರ್ ಕಟ್ಟಲು ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ಅರ್ಥವಾಗುವ ಸಂಗತಿ.

ನಿಂತ ಮೆಷಿನ್‌ನಿಂದ ಬರುವ ಗಾಳಿ

ಬೆಂಕಿ ಕಣ್ಣಿಗೆ ಕಾಣುತ್ತದೆ. ಕಾಣದ ಇನ್ನೊಂದು ಅಪಾಯ ಗ್ಯಾಸ್ ಡ್ರೈಯರ್ ಇರುವ ಕಡೆ. ನಾಲ್ಕು ಮೆಷಿನ್ ಓಡುತ್ತಿವೆ, ಐದನೆಯದು ನಿಂತಿದೆ. ಮುಖ್ಯ ಪೈಪಿನಲ್ಲಿ ಒತ್ತಡ ಹೆಚ್ಚಿದ್ದರೆ ಗಾಳಿ ಸುಲಭದ ದಾರಿ ಹುಡುಕುತ್ತದೆ, ನಿಂತ ಮೆಷಿನ್‌ನ ಪೈಪಿನಲ್ಲಿ ಹಿಂದಕ್ಕೆ ಬಂದು ಅದರ ಡ್ರಮ್ಮಿನ ಮೂಲಕ ಅಂಗಡಿಗೇ ಬರುತ್ತದೆ. ಆ ಗಾಳಿಯಲ್ಲಿ ಗ್ಯಾಸ್ ಉರಿದ ಹೊಗೆ ಇರುತ್ತದೆ. ಎಲ್‌ಪಿಜಿ ಸರಿಯಾಗಿ ಉರಿದರೆ ತೊಂದರೆ ಕಡಿಮೆ. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆ ತಿರುಗು, ವಾಂತಿ ಬಂದ ಹಾಗೆ. ಕೆಲಸದ ಹುಡುಗ ಸೆಖೆಗೆ ಹೀಗಾಯ್ತು ಅಂದುಕೊಂಡು ಸೋಡಾ ಕುಡಿದು ಮತ್ತೆ ಒಳಗೆ ಬರುತ್ತಾನೆ. ಬಚ್ಚಲಿನ ಗ್ಯಾಸ್ ಗೀಸರ್‌ನಿಂದ ಇದೇ ಅನಿಲಕ್ಕೆ ಜೀವ ಹೋದ ಸುದ್ದಿಗಳನ್ನು ರಾಜ್ಯ ನೋಡಿದೆ. ಲಾಂಡ್ರಿಯಲ್ಲಿ ಅದೇ ಅನಿಲ, ಬೇರೆ ಪೈಪ್.

ಇದನ್ನು ತಡೆಯುವುದು ಪ್ರತಿ ಮೆಷಿನ್‌ನ ಪೈಪಿನಲ್ಲಿ ಇರುವ ಹಿಮ್ಮುಖ ತಡೆಯುವ ಡ್ಯಾಂಪರ್. ಗಾಳಿ ಹೊರಗೆ ಹೋಗುವಾಗ ತೆರೆದು, ನಿಂತಾಗ ಮುಚ್ಚುವ ತಗಡಿನ ಫ್ಲಾಪ್. ಆದರೆ ಇದಕ್ಕೂ ಲಿಂಟ್ ಮೆತ್ತಿ ಅರ್ಧ ತೆರೆದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಮಾಮೂಲು. ಹಾಕಿ ಮರೆತರೆ ಹಾಕದಿದ್ದ ಹಾಗೇ.

ಇದರ ಜತೆ ಇನ್ನೊಂದು. ಗಂಟೆಗೆ ಐದು ಸಾವಿರ ಘನ ಮೀಟರ್ ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಎಸಿ ಹಾಕಿ ಗಾಜಿನ ಬಾಗಿಲು ಮುಚ್ಚಿ, ಮಳೆ ಇರಚಲು ಬರುತ್ತದೆ ಅಂತ ಹಿಂದಿನ ಕಿಟಕಿಯನ್ನೂ ಮುಚ್ಚಿದರೆ ಎಲ್ಲಿಂದ ಬರಬೇಕು? ಬಾಗಿಲು ತೆಗೆಯಲು ಎಳೆದಾಗ ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಅನ್ನಿಸಿದರೆ ಅಂಗಡಿಗೆ ಉಸಿರು ಕಟ್ಟಿದೆ ಎಂದೇ ಲೆಕ್ಕ. ಪೈಪ್ ಎಷ್ಟೇ ದೊಡ್ಡದಿದ್ದರೂ ಒಳಗೆ ಬರುವ ಗಾಳಿಗೆ ಜಾಗ ಇಲ್ಲದಿದ್ದರೆ ಪ್ರಯೋಜನ ಇಲ್ಲ. ಎಷ್ಟು ಅಗಲದ ತೆರಪು ಬೇಕು ಅಂತ ಪ್ರತಿ ಮೆಷಿನ್‌ನ ಮ್ಯಾನುಯಲ್‌ನಲ್ಲೇ ಕೊಟ್ಟಿರುತ್ತಾರೆ. ಲೂವರ್ ಹಾಕಿದರೆ ಅದರ ಪಟ್ಟಿಗಳು ತಿನ್ನುವ ಜಾಗ ಕಳೆದು ಲೆಕ್ಕ ಹಾಕಬೇಕು.

ಕರೆಂಟ್ ಹೋದಾಗ

ಮಳೆಗಾಲ ಅಂದ ಮೇಲೆ ಗಾಳಿ ಬಂದು ಮರ ಬೀಳುವುದು, ತಂತಿ ಕಡಿಯುವುದು, ಮೆಸ್ಕಾಂನವರು ಮಳೆಯಲ್ಲೇ ಕಂಬ ಹತ್ತುವುದು ಇದ್ದದ್ದೇ. ಲಾಂಡ್ರಿಗೆ ಇದರ ಅರ್ಥ ಬೇರೆ. ಸೈಕಲ್‌ನ ಮಧ್ಯದಲ್ಲಿ ಕರೆಂಟ್ ಹೋದರೆ ಡ್ರಮ್ ನಿಲ್ಲುತ್ತದೆ, ಡಕ್ಟ್ ಫ್ಯಾನ್ ನಿಲ್ಲುತ್ತದೆ. ಕೊನೆಯ ತಣ್ಣಗಾಗಿಸುವ ಹಂತ ಮುಗಿಯದ ಸುಡುಬಿಸಿ ಬಟ್ಟೆ ಡ್ರಮ್ಮಿನ ತಳದಲ್ಲಿ ರಾಶಿ ಬೀಳುತ್ತದೆ. ಸಾಮಾನ್ಯ ಬಟ್ಟೆಯಾದರೆ ನಿಧಾನಕ್ಕೆ ಆರುತ್ತದೆ. ಹೋಟೆಲ್‌ನ ಅಡುಗೆ ಮನೆ ಬಟ್ಟೆ, ಮಸಾಜ್ ಮಾಡುವ ಕಡೆಯಿಂದ ಬಂದ ಟವೆಲ್ ಆದರೆ ಕತೆ ಬೇರೆ. ಎಳ್ಳೆಣ್ಣೆಯಂಥ ಎಣ್ಣೆ ಒಗೆದ ಮೇಲೂ ನಾರಿನಲ್ಲಿ ಉಳಿದಿರುತ್ತದೆ, ಬಿಸಿಯಲ್ಲಿ ಗಾಳಿಯ ಜತೆ ಸೇರಿ ತಾನೇ ಇನ್ನಷ್ಟು ಬಿಸಿಯಾಗುತ್ತದೆ. ಯಾರೂ ಕಡ್ಡಿ ಗೀರಬೇಕಾಗಿಲ್ಲ. ರಾತ್ರಿ ಕರೆಂಟ್ ಹೋಯ್ತು ಅಂತ ಹಾಗೇ ಶಟರ್ ಎಳೆದು ಹೋದರೆ ಎರಡು ಮೂರು ಗಂಟೆ ಬಿಟ್ಟು ಹೊಗೆ ಶುರುವಾಗಬಹುದು. ಒಣಗಿದ ಬಿಸಿ ಟವೆಲ್‌ಗಳನ್ನು ಹಾಗೇ ಮೂಟೆ ಕಟ್ಟಿ ಮೂಲೆಯಲ್ಲಿಟ್ಟರೂ ಇದೇ ಆಗುತ್ತದೆ.

ಕರೆಂಟ್ ಹೋದಾಗ ಹೊಗೆ, ಸುಟ್ಟ ವಾಸನೆ ಇಲ್ಲದಿದ್ದರೆ ಬಟ್ಟೆ ತೆಗೆದು ಹರವಿ ಆರಲು ಬಿಡಬೇಕು. ಹೊಗೆ ಇದ್ದರೆ ಬಾಗಿಲು ತೆರೆಯಲೇಬಾರದು, ತೆರೆದರೆ ಒಳಗಿನ ಕಾವಿಗೆ ಗಾಳಿ ಸಿಕ್ಕಿ ಭಗ್ಗನೆ ಹತ್ತುತ್ತದೆ. ಮೆಷಿನ್ ಬಂದ್, ಗ್ಯಾಸ್ ವಾಲ್ವ್ ಬಂದ್, ಮೇನ್ ಸ್ವಿಚ್ ಬಂದ್, ಮೇಲಿನ ಮಹಡಿಯವರನ್ನೂ ಎಬ್ಬಿಸಿ ಹೊರಗೆ ಕಳಿಸಿ 112 ಅಥವಾ 101ಕ್ಕೆ ಫೋನ್. ಬೆಂಕಿ ಕಾಣುವುದು ಡ್ರಮ್ಮಿನಲ್ಲಾದರೂ ಅದು ಅಷ್ಟು ಹೊತ್ತಿಗೆ ಡಕ್ಟ್ ಸೇರಿರುವ ಸಾಧ್ಯತೆ ಇದೆ ಅಂತ ಅಗ್ನಿಶಾಮಕದವರಿಗೆ ಹೇಳುವುದೂ ಮುಖ್ಯ. ಒಂದೇ ಡಕ್ಟ್‌ನ ದೊಡ್ಡ ಕೆಡುಕು ಇದು. ಒಂದು ಮೆಷಿನ್‌ನ ಬೆಂಕಿಗೆ ಉಳಿದ ನಾಲ್ಕಕ್ಕೂ ದಾರಿ ಮೊದಲೇ ಹಾಕಿಟ್ಟಿರುತ್ತದೆ.

ಪೈಪ್ ಯಾರದ್ದು?

ಇಷ್ಟೆಲ್ಲ ಆದ ಮೇಲೆ ಪ್ರಶ್ನೆ ಉಳಿಯುವುದು ಇದೇ. ಮೆಷಿನ್ ಮಾರುವವರ ಜವಾಬ್ದಾರಿ ಸಾಮಾನ್ಯವಾಗಿ ಮೆಷಿನ್‌ನ ಹಿಂಬಾಯಿಗೆ ಮುಗಿಯುತ್ತದೆ. ಅಲ್ಲಿಂದ ಆಚೆಗೆ ನೀವೇ ಮಾಡಿಸಿಕೊಳ್ಳಿ ಅನ್ನುವುದು ರೂಢಿ. ತಗಡಿನ ಕೆಲಸದವರು ಹೇಳಿದ ಅಳತೆಗೆ ಮಾಡಿಕೊಟ್ಟು ಹೋಗುತ್ತಾರೆ, ಗಾಳಿಯ ಲೆಕ್ಕ ಅವರ ಕೆಲಸ ಅಲ್ಲ. ಕಟ್ಟಡದ ಯಜಮಾನರಿಗೆ ಗೋಡೆಯಲ್ಲಿ ಐದು ತೂತು ಬೇಡ, ಅದೂ ಎದುರುಗಡೆ ಕಾಣುವ ಕಡೆಯಂತೂ ಬೇಡವೇ ಬೇಡ. ಅಂಗಡಿಯವರು ಬಾಡಿಗೆಯವರು. ಅಡ್ವಾನ್ಸ್ ಕೊಟ್ಟು ಕೂತಿದ್ದಾರೆ, ಅಗ್ರಿಮೆಂಟ್ ಮುಗಿದರೆ ಬಿಟ್ಟು ಹೋಗಬೇಕಾದ ಜಾಗಕ್ಕೆ ಹದಿನೆಂಟು ಇಂಚಿನ ಡಕ್ಟ್ ಹಾಕಲು ಅವರಿಗೂ ಮನಸ್ಸಿಲ್ಲ. ಇದರಲ್ಲಿ ಯಾರೂ ಕೆಟ್ಟವರಲ್ಲ, ಆದರೆ ಪೈಪ್ ಮಾತ್ರ ಯಾರದ್ದೂ ಅಲ್ಲ.

ಮಣಿಪಾಲ ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿದೆ, ವ್ಯಾಪಾರ ಪರವಾನಗಿ ಅಲ್ಲಿಂದ. ವಿದ್ಯುತ್ ಲೋಡ್ ನೋಡುವುದು ಮೆಸ್ಕಾಂ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಮಾತು ಸಾಮಾನ್ಯವಾಗಿ ಬರುವುದು ಎತ್ತರದ ಬಹುಮಹಡಿ ಕಟ್ಟಡಗಳಿಗೆ. ಮೂರು ಮಹಡಿಯ ಕಟ್ಟಡದ ನೆಲಮಹಡಿಯಲ್ಲಿರುವ ಲಾಂಡ್ರಿಯ ಹಿಂದಿನ ತಗಡು ಇವರೆಲ್ಲರ ಕಣ್ಣಿನಿಂದ ಜಾರಿಹೋಗುವುದು ಸುಲಭ. ದೊಡ್ಡ ಆಸ್ಪತ್ರೆ, ದೊಡ್ಡ ಹೋಟೆಲ್‌ಗಳಿಗೆ ಸ್ವಂತ ಎಂಜಿನಿಯರ್‌ಗಳು ಇರುತ್ತಾರೆ. ಅಂಗಡಿ ಲಾಂಡ್ರಿಗೆ ಯಾರಿದ್ದಾರೆ? ಪರವಾನಗಿ ನವೀಕರಣದ ಅರ್ಜಿಯ ಜತೆ ಡಕ್ಟ್ ಸ್ವಚ್ಛ ಮಾಡಿದ ದಿನಾಂಕ, ಮೆಷಿನ್ ಎಷ್ಟು, ಪೈಪಿನ ಅಳತೆ ಎಷ್ಟು ಎಂಬ ಒಂದು ಹಾಳೆ ಕೇಳುವುದು ನಗರಸಭೆಗೆ ಭಾರವಾಗುವ ಕೆಲಸ ಅಲ್ಲ. ಪಿಜಿ ಇರುವ ಕಟ್ಟಡಗಳಲ್ಲಿ ಆದರೂ ಶುರು ಮಾಡಬಹುದು. ಹೊಸ ಕಟ್ಟಡ ಕಟ್ಟುವವರು ಅಂಗಡಿ ಸಾಲಿನ ಹಿಂದೆ ಎರಡು ಅಡಿ ಸರ್ವಿಸ್ ಜಾಗ ಬಿಟ್ಟರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ, ಆದರೆ ಮಣಿಪಾಲದ ಜಾಗದ ರೇಟಿಗೆ ಎರಡು ಅಡಿ ಬಿಡಿ ಅನ್ನುವುದು ದೊಡ್ಡ ಮಾತು.

ಪೈಪ್ ಇಲ್ಲದ ಹೀಟ್ ಪಂಪ್ ಡ್ರೈಯರ್‌ಗಳೂ ಇವೆ, ಆವಿಯನ್ನು ಒಳಗೇ ನೀರು ಮಾಡಿ ಹೊರಬಿಡುತ್ತವೆ. ಬೆಲೆ ಜಾಸ್ತಿ, ಒಣಗಲು ಹೊತ್ತೂ ಜಾಸ್ತಿ. ಮರುದಿನ ಬಟ್ಟೆ ಕೊಡಬೇಕಾದ ಅಂಗಡಿಗೆ ಸದ್ಯಕ್ಕೆ ಕಷ್ಟ.

ಅಲ್ಲಿಯ ತನಕ ಅಂಗಡಿಯವರ ಕೈಯಲ್ಲೇ ಇರುವ ಪರೀಕ್ಷೆಗಳು ಇವೆ. ನಾಲ್ಕು ಮೆಷಿನ್ ಓಡಿಸಿ ಐದನೆಯದರ ಬಾಗಿಲು ತೆರೆದು ಒಂದು ಟಿಶ್ಯೂ ಹಾಳೆ ಹಿಡಿದರೆ, ಅದು ಹೊರಗೆ ಹಾರಿದರೆ ಅಥವಾ ಮುಖಕ್ಕೆ ಬಿಸಿ ಹಸಿಗಾಳಿ ಬಡಿದರೆ ಡ್ಯಾಂಪರ್ ಇಲ್ಲ ಅಥವಾ ಸತ್ತಿದೆ. ಒತ್ತಡ ನೋಡಲು ಮೇಸ್ತ್ರಿಗಳು ಮಟ್ಟ ಹಿಡಿಯುವ ಲೆವೆಲ್ ಪೈಪ್ ಸಾಕು. ಅದನ್ನು ಯು ಆಕಾರಕ್ಕೆ ಬಗ್ಗಿಸಿ, ನೀರು ತುಂಬಿ, ಒಂದು ತುದಿಯನ್ನು ಮೆಷಿನ್‌ನ ಹಿಂಬಾಯಿಯ ಹತ್ತಿರ ಪೈಪಿಗೆ ಸಣ್ಣ ತೂತು ಮಾಡಿ ಸೇರಿಸಿ, ಇನ್ನೊಂದು ತುದಿ ತೆರೆದಿಟ್ಟು, ಎಲ್ಲ ಮೆಷಿನ್ ಒಟ್ಟಿಗೆ ಓಡಿಸಿ ನೋಡಬೇಕು. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವನ್ನು ಮ್ಯಾನುಯಲ್‌ನಲ್ಲಿ ಬರೆದ ಮಿತಿಯ ಜತೆ ಹೋಲಿಸಬೇಕು. ಮಿತಿ ಮೀರಿದ್ದರೆ ಹೊಸ ಮೆಷಿನ್ ಬುಕ್ ಮಾಡುವ ಮೊದಲು ಪೈಪ್ ಬಿಚ್ಚಬೇಕು. ಬಿಚ್ಚಲು ಆಗುವಂತೆ ಪ್ರತಿ ತಿರುವಿನಲ್ಲೂ ಮುಚ್ಚಳ ಇಡಿಸಿದ್ದರೆ ಸರಿ. ಇಲ್ಲದಿದ್ದರೆ ಮೊದಲ ಸಲ ಕತ್ತರಿಸಿಯೇ ನೋಡಬೇಕು, ಒಳಗೆ ಎಷ್ಟು ವರ್ಷದ ಬಟ್ಟೆ ಕೂತಿದೆ ಅಂತ.